ಕುದುರೆ ಸಾಕುವ ಸಣ್ಣ ಹಿಡುವಳಿಗೆ ತಕ್ಕ ಟ್ರಾಕ್ಟರು

(ಜಮೀನುದಾರರ ಸಭೆಯಲ್ಲಿ ಓದಲ್ಪಟ್ಟ ಉಪನ್ಯಾಸ)



ಕುದುರೆಯಿರುವ ಮನೆಗೆ ಟ್ರಾಕ್ಟರು ಏತಕ್ಕೆ ಎಂದು ಕೇಳುವವರುಂಟು. ಗಾಡಿಗೆ ಕಟ್ಟಿದ ಕುದುರೆಯು ತನ್ನ ಹುಲ್ಲನ್ನು ತಾನೇ ಎಳೆದು ತರುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಗೆ ಅರ್ಥವಿದ್ದಿತು. ಸವಾರಿಗಾಗಿಯೋ, ಉತ್ಸವಗಳಿಗಾಗಿಯೋ, ಮರಿ ತೆಗೆಯುವುದಕ್ಕಾಗಿಯೋ ಸಾಕಲ್ಪಡುವ ಈಗಿನ ಕುದುರೆಯು ಹೊರೆಯನ್ನು ಎಳೆಯುವುದಿಲ್ಲ. ಪ್ರತಿದಿನವೂ ಹೊಸ ಹೊರೆಯನ್ನು ಉಂಟುಮಾಡುತ್ತದೆ. ಕುಣಿಗಲ್ಲಿನ ಹೆಸರಾಂತ ಕುದುರೆ ಫಾರಮಿನಂತೆ ನೂರಾರು ಎಕರೆ ವಿಸ್ತೀರ್ಣವುಳ್ಳ ಸ್ಥಳಗಳ ಮಾತು ಬೇರೆ. ಇಲ್ಲಿ ವಿಚಾರಿಸತಕ್ಕದ್ದು ಐದಾರು ಎಕರೆ ಹುಲ್ಲುಗಾವಲನ್ನೂ, ಒಂದು ಲಾಯವನ್ನೂ, ಎರಡು ಮೂರು ಕುದುರೆಗಳನ್ನೂ ಇಟ್ಟುಕೊಂಡು, ಕೈಯಲ್ಲಿರುವ ಹಣಕ್ಕೆ ಒಂದು ಟ್ರಾಕ್ಟರನ್ನು ಕೊಳ್ಳಬೇಕೆಂದಿರುವ ಜಮೀನುದಾರನ ವಿಷಯವನ್ನು.

ಇಂತಹವನು ಸಾಮಾನ್ಯವಾಗಿ ಮಾಡುವ ಮೊದಲನೆಯ ತಪ್ಪೆಂದರೆ ನೆಟ್ಟಗೆ ಅಂಗಡಿಗೆ ಹೋಗುವುದು. ಅಂಗಡಿಯವನು ಊರಿನಲ್ಲಿ ಎಲ್ಲರೂ ಕೊಂಡಿರುವ ನಲವತ್ತು ನಲವತ್ತೈದು ಅಶ್ವಶಕ್ತಿಯ ಟ್ರಾಕ್ಟರನ್ನೇ ತೋರಿಸುತ್ತಾನೆ. ಅದು ಉಳುವುದಕ್ಕೂ, ಕೆಸರು ಗದ್ದೆಯನ್ನು ಹದಮಾಡುವುದಕ್ಕೂ, ಕಬ್ಬಿನ ಟ್ರಾಲಿಯನ್ನು ಎಳೆಯುವುದಕ್ಕೂ ಯೋಗ್ಯವಾದ ಯಂತ್ರವೇ ಸರಿ. ಆದರೆ ಹುಲ್ಲುಗಾವಲನ್ನು ಉಳುವುದು ವರ್ಷಗಳಿಗೊಮ್ಮೆ ಬರುವ ಕೆಲಸ. ಅದಕ್ಕಾಗಿ ಎರಡು ಟನ್ನಿಗೆ ಸಮೀಪದ ತೂಕವುಳ್ಳ ಯಂತ್ರವನ್ನು ಸಾಲಮಾಡಿ ಕೊಂಡರೆ, ಸಾಲದ ಕಂತು ಒಂದು ಕಡೆಯಿಂದಲೂ, ಮಳೆಗಾಲದಲ್ಲಿ ಗಾಲಿಯ ಭಾರಕ್ಕೆ ಗಟ್ಟಿಯಾಗಿ ಹುಲ್ಲು ಏಳದಂತಾಗುವ ನೆಲ ಇನ್ನೊಂದು ಕಡೆಯಿಂದಲೂ ಅವನನ್ನು ಪೀಡಿಸುತ್ತವೆ. ಆದುದರಿಂದ ಅಂಗಡಿಗೆ ಹೋಗುವುದಕ್ಕೆ ಮುಂಚೆ ಲಾಯದ ಮುಂದೆ ಕುಳಿತು ಲೆಕ್ಕ ಹಾಕತಕ್ಕದ್ದು.

ಲೆಕ್ಕವು ಲದ್ದಿಯಿಂದ ಪ್ರಾರಂಭವಾಗಬೇಕು. ನಾನೂರೈವತ್ತು ಕಿಲೋ ತೂಗುವ ಒಂದು ಕುದುರೆಯು ದಿನವೊಂದಕ್ಕೆ ಲದ್ದಿ ಮತ್ತು ಗಂಜಲ ಸೇರಿ ಸುಮಾರು 20ರಿಂದ 25 ಕಿಲೋಗಳಷ್ಟನ್ನು ಹಾಕುತ್ತದೆ. ಮೂರು ಕುದುರೆಗಳಾದರೆ ವಾರಕ್ಕೆ ಐನೂರು ಕಿಲೋ. ಕೆಳಗೆ ಹಾಸಿದ ಹುಲ್ಲಿನ ಭಾರವು ಇದಕ್ಕೆ ಸೇರತಕ್ಕದ್ದು. ವರ್ಷದ ಮೊತ್ತವು ಇಪ್ಪತ್ತೈದು ಟನ್ನುಗಳನ್ನು ಮುಟ್ಟುತ್ತದೆ. ಇದನ್ನು ಲಾಯದಿಂದ ತಿಪ್ಪೆಗೂ, ತಿಪ್ಪೆಯಿಂದ ಹೊಲಕ್ಕೂ, ಹೀಗೆ ಎರಡು ಸಲ ಸಾಗಿಸಬೇಕು. ಆದರೂ ವಾರಕ್ಕೆ ಒಂದು ಸಣ್ಣ ಟ್ರಾಲಿ ಲದ್ದಿಯನ್ನು ಎಳೆಯುವುದಕ್ಕೆ ದೊಡ್ಡ ಯಂತ್ರವೇನೂ ಬೇಕಾಗಿಲ್ಲ; ಒಂದು ಜೊತೆ ಎತ್ತುಗಳೂ ಬಂಡಿಯೂ ಇರುವವನಿಗೆ ಈ ಕೆಲಸಕ್ಕಾಗಿ ಟ್ರಾಕ್ಟರೇ ಬೇಡ. ಮುಂದುಗಡೆ ಬಕೆಟ್ಟು ಕಟ್ಟಿ ಲದ್ದಿಯನ್ನು ಎತ್ತುವ ಲೋಡರು ನೋಡುವುದಕ್ಕೆ ಬಹಳ ಚೆನ್ನಾಗಿರುತ್ತದೆ. ಮೂರು ಕುದುರೆಗಳ ಲಾಯದಲ್ಲಿ ಅದರ ಬೆಲೆಯು ಹುಟ್ಟುವುದು ಕಷ್ಟ. ಒಬ್ಬ ಆಳು ಗುದ್ದಲಿ ಪುಟ್ಟಿಗಳಿಂದ ಅದೇ ಕೆಲಸವನ್ನು ಮಾಡಿ ಮುಗಿಸುತ್ತಾನೆ.

ಎರಡನೆಯ ಕೆಲಸವೇ ಟ್ರಾಕ್ಟರಿನ ಅಳತೆಯನ್ನು ನಿರ್ಧರಿಸತಕ್ಕದ್ದು. ಅದು ಹುಲ್ಲು ಕತ್ತರಿಸುವುದು. ದನವು ಮೇಯುವಂತೆ ಕುದುರೆಯು ಎಲ್ಲ ಕಡೆಯೂ ಸಮನಾಗಿ ಮೇಯುವುದಿಲ್ಲ. ಲದ್ದಿ ಹಾಕಿದ ಜಾಗವನ್ನು ಮುಟ್ಟದೆ ಬಿಟ್ಟು, ಉಳಿದ ಕಡೆ ಬೇರು ಕಾಣುವವರೆಗೂ ಕಚ್ಚುತ್ತದೆ. ಹೀಗೆ ಬಿಟ್ಟುಹೋದ ಜಾಗಗಳಲ್ಲಿ ಹುಲ್ಲು ಬಲಿತು, ಕಳೆ ಬೆಳೆದು, ಎರಡು ಮೂರು ವರ್ಷಗಳಲ್ಲಿ ಐದು ಎಕರೆಯ ಗಾವಲು ಎರಡೂವರೆ ಎಕರೆಯಷ್ಟು ಮಾತ್ರ ಮೇವು ಕೊಡುವ ಸ್ಥಿತಿಗೆ ಬರುತ್ತದೆ. ಇದನ್ನು ತಡೆಯಬೇಕಾದರೆ ಮಳೆಗಾಲದಲ್ಲಿ ನಾಲ್ಕೈದು ಸಲ ಸ್ಲ್ಯಾಷರಿನಿಂದ ಮೇಲ್ತುದಿಗಳನ್ನು ಕತ್ತರಿಸಬೇಕು. ಸ್ಲ್ಯಾಷರಿನ ಅಗಲದ ಪ್ರತಿ ಅಡಿಗೆ ಪಿ.ಟಿ.ಓ. ದಂಡದಲ್ಲಿ ಸುಮಾರು ಐದು ಅಶ್ವಶಕ್ತಿ ಬೇಕೆಂಬುದು ಅನುಭವದ ಲೆಕ್ಕ. ನಾಲ್ಕು ಅಡಿಯ ಸ್ಲ್ಯಾಷರಿಗೆ ಇಪ್ಪತ್ತು ಅಶ್ವಶಕ್ತಿ. ಇಂಜಿನಿನ ಶಕ್ತಿಯಲ್ಲಿ ಸುಮಾರು ನೂರಕ್ಕೆ ಎಂಬತ್ತರಿಂದ ಎಂಬತ್ತೈದು ಪಾಲು ಮಾತ್ರ ಈ ದಂಡಕ್ಕೆ ತಲಪುವುದರಿಂದ, ಇಂಜಿನು ಇಪ್ಪತ್ತನಾಲ್ಕರಿಂದ ಇಪ್ಪತ್ತೇಳು ಅಶ್ವಶಕ್ತಿಯದಾಗಿದ್ದರೆ ಸಾಕಾಗುತ್ತದೆ. ಗರಿಕೆಯಂತಹ ಸಣ್ಣ ಹುಲ್ಲು ಮಾತ್ರವೇ ಇರುವ ಕಡೆ, ಮೂರು ಅಡಿಯ ಸ್ಲ್ಯಾಷರಿಗೆ ಹದಿನೆಂಟರ ಯಂತ್ರವೂ ನಡೆಯುತ್ತದೆ. ನಾಲ್ಕು ಅಡಿಯದನ್ನು ಗಂಟೆಗೆ ನಾಲ್ಕು ಕಿಲೋಮೀಟರಿನಂತೆ ಓಡಿಸಿದರೆ, ತಿರುವುಗಳಲ್ಲಿ ಹೋಗುವ ಹೊತ್ತನ್ನು ಬಿಟ್ಟು, ಗಂಟೆಗೆ ಒಂದು ಎಕರೆ ಮುಗಿಯುತ್ತದೆ.

ಕತ್ತರಿಸಿದ ಹುಲ್ಲು ಒಂದೇ ಕಡೆ ರಾಶಿಯಾಗಿ ಬಿದ್ದು ಹುದುಗತೊಡಗಿದರೆ, ಅದನ್ನು ತಿಂದ ಕುದುರೆಗೆ ಹೊಟ್ಟೆಶೂಲೆ ಬರುವ ಭಯವುಂಟು; ಆದುದರಿಂದ ಅದನ್ನು ಹರಡಿಬಿಡಬೇಕು ಅಥವಾ ತೆಗೆದುಹಾಕಬೇಕು. ಬಯಲಿನಲ್ಲಿ ಬಿದ್ದ ಲದ್ದಿಯನ್ನು ಮುಳ್ಳು ಹಲುಬೆ ಎಳೆದು ಚದುರಿಸುವ ಪದ್ಧತಿಯಿದೆ. ಇದನ್ನು ಸುಡುಬಿಸಿಲಿನ ಒಣ ದಿನಗಳಲ್ಲಿ ಮಾತ್ರ ಮಾಡತಕ್ಕದ್ದು. ಲದ್ದಿಯಲ್ಲಿರುವ ಜಂತುಹುಳುಗಳ ಮರಿಗಳು ಬಿಸಿಲಿಗೆ ಒಣಗಿ ಸಾಯುತ್ತವೆ. ತೇವದ ದಿನಗಳಲ್ಲಿ ಹಲುಬೆ ಎಳೆದರೆ, ಒಂದು ಮೂಲೆಯಲ್ಲಿದ್ದ ಹುಳುಗಳನ್ನು ಗಾವಲಿಗೆಲ್ಲ ಬಿತ್ತಿದಂತಾಗುತ್ತದೆ. ಟ್ರಾಕ್ಟರು ಬಂದ ಹೊಸದರಲ್ಲಿ ಉತ್ಸಾಹದಿಂದ ಮಳೆಯಲ್ಲೇ ಹಲುಬೆ ಎಳೆಯುವವರು ಇದನ್ನು ಗಮನಿಸುವುದಿಲ್ಲ.

ಅಶ್ವಶಕ್ತಿಯೊಂದನ್ನೇ ನೋಡಿ ಕೊಳ್ಳುವುದೂ ಸರಿಯಲ್ಲ. ಪಿ.ಟಿ.ಓ. ದಂಡವು ನಿಮಿಷಕ್ಕೆ 540 ಸುತ್ತು ತಿರುಗುವ ಏರ್ಪಾಡು ಇರಬೇಕು. ಹಿಂದುಗಡೆ ಮೂರು ಕಡೆಯ ಕೊಂಡಿಯೂ ಅದನ್ನು ಎತ್ತಿಳಿಸುವ ಹೈಡ್ರಾಲಿಕ್ಕೂ ಇರಬೇಕು. ಲಾಯದ ಓಣಿಯಲ್ಲಿಯೂ ಬೇಲಿಯ ಗೇಟಿನಲ್ಲಿಯೂ ತಿರುಗುವಷ್ಟು ಗಿಡ್ಡಗಿರಬೇಕು. ನಾಲ್ಕು ಗಾಲಿಗಳಿಗೂ ಶಕ್ತಿ ಹೋಗುವ ಯಂತ್ರಕ್ಕೆ ಬೆಲೆ ಹೆಚ್ಚು. ಇಳಿಜಾರೂ ಜೌಗೂ ಇಲ್ಲದ ಜಮೀನಿಗೆ ಆ ವೆಚ್ಚ ಅನಾವಶ್ಯಕ. ಮಾರುವವನ ಬಾಯಿಮಾತಿಗಿಂತ ನಂಬತಕ್ಕ ಸಾಕ್ಷಿಯೊಂದಿದೆ. ಮಧ್ಯಪ್ರದೇಶದ ಬುದನಿಯಲ್ಲಿ 1955ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಂಸ್ಥೆಯು ಟ್ರಾಕ್ಟರುಗಳನ್ನು ಪರೀಕ್ಷಿಸಿ ವರದಿಗಳನ್ನು ಹೊರಡಿಸುತ್ತ ಬಂದಿದೆ. ಪಿ.ಟಿ.ಓ. ದಂಡದಲ್ಲಿ ನಿಜವಾಗಿ ದೊರೆತ ಶಕ್ತಿಯೆಷ್ಟು, ಹೈಡ್ರಾಲಿಕ್ಕು ಎತ್ತಿದ ಭಾರವೆಷ್ಟು, ಎಣ್ಣೆಯ ಖರ್ಚೆಷ್ಟು ಎಂಬುದು ಅವುಗಳಲ್ಲಿ ಸಿಕ್ಕುತ್ತದೆ. ಆ ವರದಿಯನ್ನು ತೋರಿಸೆಂದು ಕೇಳುವ ಗಿರಾಕಿಯ ಮುಂದೆ ಅಂಗಡಿಯವನ ಮಾತು ತಾನಾಗಿಯೇ ಹದಕ್ಕೆ ಬರುತ್ತದೆ.

ಇನ್ನು ಹಣದ ಮಾತು. ಹುಲ್ಲು ಕತ್ತರಿಸುವುದಕ್ಕೆ ವರ್ಷಕ್ಕೆ ಇಪ್ಪತ್ತೈದು ಗಂಟೆ, ಲದ್ದಿ ಸಾಗಿಸುವುದಕ್ಕೆ ಐವತ್ತು, ಹುಲ್ಲಿನ ಹೊರೆ, ನೀರು, ಹಲುಬೆ ಮುಂತಾದುವಕ್ಕೆ ಇಪ್ಪತ್ತೈದು. ಒಟ್ಟು ನೂರು ಗಂಟೆ. ಮೂರು ಲಕ್ಷ ರೂಪಾಯಿ ಕೊಟ್ಟು ಒಂದು ಟ್ರಾಕ್ಟರನ್ನು ಕೊಂಡು, ಹತ್ತು ವರ್ಷ ಇಟ್ಟುಕೊಂಡು, ಒಂದು ಲಕ್ಷಕ್ಕೆ ಮಾರಿದನೆಂದು ಉದಾಹರಣೆಗಾಗಿ ಇಟ್ಟುಕೊಂಡರೆ, ಸವಕಳಿಯು ವರ್ಷಕ್ಕೆ ಇಪ್ಪತ್ತು ಸಾವಿರ. ಸರಾಸರಿ ಎರಡು ಲಕ್ಷದ ಮೇಲೆ ನೂರಕ್ಕೆ ಹತ್ತರಂತೆ ಬಡ್ಡಿ ಇಪ್ಪತ್ತು ಸಾವಿರ. ವಿಮೆ, ರಿಪೇರಿ, ಗಾಲಿ ಇವುಗಳಿಗೆ ಹದಿನೈದು ಸಾವಿರ. ಒಟ್ಟು ಐವತ್ತೈದು ಸಾವಿರವನ್ನು ನೂರು ಗಂಟೆಗಳಿಗೆ ಹಂಚಿದರೆ ಗಂಟೆಗೆ ಐನೂರೈವತ್ತು ರೂಪಾಯಿ. ಡೀಸೆಲ್ಲೂ ಆಳಿನ ಕೂಲಿಯೂ ಬೇರೆ. ಇದೇ ರೀತಿಯಲ್ಲಿ ತನ್ನ ಅಂಕಿಗಳನ್ನು ಹಾಕಿಕೊಂಡು, ಊರಿನ ಬಾಡಿಗೆಯ ದರದೊಂದಿಗೆ ಹೋಲಿಸಿ ನೋಡುವುದು ಪ್ರತಿಯೊಬ್ಬ ಜಮೀನುದಾರನ ಕೆಲಸ. ಕರ್ನಾಟಕ ಸರ್ಕಾರವು 2014–15ರಲ್ಲಿ ಕೃಷಿ ಯಂತ್ರಧಾರೆ ಎಂಬ ಹೆಸರಿನಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೇಂದ್ರಗಳನ್ನು ಆರಂಭಿಸಿತು; ಖಾಸಗಿಯಾಗಿ ಬಾಡಿಗೆಗೆ ಕೊಡುವವರೂ ಇದ್ದಾರೆ. ಬಾಡಿಗೆಯ ದೋಷವೊಂದೇ: ಬಿತ್ತನೆಯ ಹದದಲ್ಲಿ ಊರಿಗೆಲ್ಲ ಟ್ರಾಕ್ಟರು ಬೇಕಾಗಿರುವಾಗ ಕುದುರೆಯವನ ಹುಲ್ಲಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅಕ್ಕಪಕ್ಕದ ಇಬ್ಬರು ಮೂವರು ಜಮೀನುದಾರರು ಕೂಡಿ ಒಂದು ಯಂತ್ರವನ್ನು ಕೊಂಡರೆ ಗಂಟೆಯ ಖರ್ಚು ಬಹುವಾಗಿ ಇಳಿಯುತ್ತದೆ. ಆದರೆ ಡೀಸೆಲ್ಲು, ರಿಪೇರಿ, ಸರದಿ ಇವುಗಳನ್ನು ಮೊದಲ ದಿನವೇ ಕಾಗದದಲ್ಲಿ ಬರೆದು ರುಜು ಮಾಡಿಕೊಳ್ಳದಿದ್ದರೆ, ಟ್ರಾಕ್ಟರಿಗಿಂತ ಮುಂಚೆ ಸ್ನೇಹವು ಕೆಡುತ್ತದೆ.

ಕೈಯಲ್ಲಿ ಹಣ ಕಡಿಮೆಯಿರುವವನು ಹಳೆಯ ಯಂತ್ರಕ್ಕೆ ಮನಸ್ಸು ಮಾಡುವುದು ಸಹಜ. ಅಮೆರಿಕಾ ದೇಶದಲ್ಲಿ 1947ರಿಂದ 1952ರವರೆಗೆ ತಯಾರಾದ ಫೋರ್ಡ್ 8ಎನ್ ಎಂಬ ಸಣ್ಣ ಟ್ರಾಕ್ಟರು, ಅಗ್ಗವೂ ರಿಪೇರಿಗೆ ಸುಲಭವೂ ಆದುದರಿಂದ, ಕುದುರೆ ಸಾಕುವ ಸಣ್ಣ ಹಿಡುವಳಿಗಳಲ್ಲಿ ಬಹಳ ಕಾಲ ಉಳಿದು ಬಂದಿತು. ಅದರಲ್ಲಿ ಒಂದು ಕುಂದು ಇದ್ದಿತು. ಕ್ಲಚ್ಚನ್ನು ತುಳಿದರೂ ಭಾರವಾದ ಸ್ಲ್ಯಾಷರು ತನ್ನ ವೇಗದಿಂದ ತಿರುಗುತ್ತಲೇ ಇದ್ದು, ಪಿ.ಟಿ.ಓ. ದಂಡದ ಮೂಲಕ ಗಾಲಿಗಳನ್ನೇ ಮುಂದಕ್ಕೆ ತಳ್ಳುತ್ತಿದ್ದಿತು. ನಿಲ್ಲಿಸಿದೆನೆಂದು ನಂಬಿದವನು ಬೇಲಿಯನ್ನು ಹಾಯುತ್ತಿದ್ದನು. ಹಿಂದಿನಿಂದ ಬರುವ ಈ ನೂಕನ್ನು ತಡೆಯುವ ಒಂದು ಸಣ್ಣ ಜೋಡಣೆಯನ್ನು ದಂಡಕ್ಕೆ ಹಾಕಿಸಿದ ಮೇಲೆ ಆ ಅಪಾಯವು ತಪ್ಪಿತು. ಇಲ್ಲಿಯ ಹಳೆಯ ಟ್ರಾಕ್ಟರುಗಳನ್ನು ನೋಡುವಾಗಲೂ, ಸ್ಲ್ಯಾಷರನ್ನು ಕಟ್ಟಿ ಓಡಿಸಿ, ಕ್ಲಚ್ಚು ತುಳಿದಾಗ ಏನಾಗುವುದೆಂದು ಪರೀಕ್ಷಿಸತಕ್ಕದ್ದು.

ಹಳೆಯ ಯಂತ್ರವನ್ನು ನೋಡಲು ಹೋಗುವವನು ಬೆಳಿಗ್ಗೆ ಮುಂಚೆ, ಹೇಳದೆಯೇ ಹೋಗುವುದು ಒಳ್ಳೆಯದು. ಇಂಜಿನಿನ ಮೇಲೆ ಕೈಯಿಟ್ಟು ಅದು ತಣ್ಣಗಿದೆಯೆಂದು ತಿಳಿದುಕೊಂಡ ಮೇಲೆ ಸ್ಟಾರ್ಟು ಮಾಡಿಸಬೇಕು. ಮೊದಲೇ ಬಿಸಿಮಾಡಿಟ್ಟ ಇಂಜಿನು ತನ್ನ ರೋಗವನ್ನು ಮುಚ್ಚಿಕೊಳ್ಳುತ್ತದೆ. ಹೊಗೆಯು ನೀಲಿಯಾಗಿದ್ದರೆ ಆಯಿಲು ಸುಡುತ್ತಿದೆ. ಆಯಿಲು ಹಾಲಿನಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಸೇರಿದೆ. ಅಂತಹುದನ್ನು ಬಿಟ್ಟು ಬರುವುದೇ ಲಾಭ. ಹಿಂದುಗಡೆಯ ಕೊಂಡಿಗೆ ಭಾರವನ್ನು ಕಟ್ಟಿ ಮೇಲಕ್ಕೆತ್ತಿ ಇಂಜಿನನ್ನು ನಿಲ್ಲಿಸಿದರೆ, ಒಳ್ಳೆಯ ಹೈಡ್ರಾಲಿಕ್ಕು ಭಾರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಟ್ಟದ್ದು ಬೇಗನೆ ಇಳಿಬಿಡುತ್ತದೆ. ಹಿಂದಿನ ಗಾಲಿಗಳ ಟೈರುಗಳು ಸವೆದಿದ್ದರೆ ಹೊಸ ಜೊತೆಯ ಬೆಲೆಯನ್ನು ಕ್ರಯದಲ್ಲಿ ಕಳೆಯಬೇಕು. ಯಂತ್ರವು ಮೊದಲು ಎಲ್ಲಿ ದುಡಿಯಿತೆಂಬುದನ್ನು ವಿಚಾರಿಸಬೇಕು. ಮರಳು ಇಟ್ಟಿಗೆಗಳನ್ನು ಎಳೆದ ಟ್ರಾಕ್ಟರಿನಲ್ಲಿ ಕ್ಲಚ್ಚೂ ಬ್ರೇಕೂ ಸವೆದಿರುತ್ತವೆ. ಕೆಸರು ಗದ್ದೆಯಲ್ಲಿ ದುಡಿದುದರಲ್ಲಿ ಬ್ರೇಕಿನೊಳಕ್ಕೂ ಮುಂದಿನ ಗಾಲಿಯ ಬೇರಿಂಗಿನೊಳಕ್ಕೂ ನೀರು ಹೋಗಿರುತ್ತದೆ. ಹೊಸ ಬಣ್ಣವನ್ನು ಕಂಡು ಸಂತೋಷಪಡಬೇಕಾಗಿಲ್ಲ. ಇಂಜಿನಿನ ಮತ್ತು ಚಾಸಿಯ ನಂಬರುಗಳನ್ನು ಆರ್.ಸಿ. ಪುಸ್ತಕದೊಂದಿಗೆ ತಾಳೆನೋಡಿ, ಬ್ಯಾಂಕಿನ ಸಾಲ ತೀರಿದೆಯೆಂಬ ಪತ್ರವನ್ನು ಕೈಗೆ ತೆಗೆದುಕೊಂಡ ಹೊರತು ಮುಂಗಡವನ್ನೂ ಕೊಡಕೂಡದು. ಮತ್ತೊಬ್ಬನ ಸಾಲಕ್ಕಾಗಿ ತನ್ನ ಅಂಗಳದಿಂದ ಟ್ರಾಕ್ಟರು ಹೊರಟುಹೋಗುವುದನ್ನು ನೋಡುವುದಕ್ಕಿಂತ ದೊಡ್ಡ ಅವಮಾನವು ಗೃಹಸ್ಥನಿಗಿಲ್ಲ.

ಕ್ರಯವನ್ನು ಇಳಿಸುವುದಕ್ಕಾಗಿ ಬಿಟ್ಟುಕೊಡಬಾರದ ವಿಷಯಗಳು ಎರಡಿವೆ. ಒಂದು, ಟ್ರಾಕ್ಟರು ಮಗುಚಿದರೆ ನಡೆಸುವವನನ್ನು ಕಾಪಾಡುವ ಉಕ್ಕಿನ ಚೌಕಟ್ಟು ಮತ್ತು ಸೀಟಿನ ಬೆಲ್ಟು. ಸ್ವೀಡನ್ ದೇಶವು 1959ರಲ್ಲಿಯೇ ಹೊಸ ಟ್ರಾಕ್ಟರುಗಳಿಗೆ ಈ ಚೌಕಟ್ಟನ್ನು ಕಡ್ಡಾಯ ಮಾಡಿತು. ಈ ದೇಶದ ಅನೇಕ ಹಳೆಯ ಯಂತ್ರಗಳಲ್ಲಿ ಅದು ಇರುವುದಿಲ್ಲ. ಸಣ್ಣ ಟ್ರಾಕ್ಟರು ಮಗುಚುವುದಿಲ್ಲವೆಂಬ ನಂಬಿಕೆ ಸುಳ್ಳು: ಕಾಲುವೆಯ ಏರಿಯಲ್ಲಿ ಒಂದು ಗಾಲಿ ಜಾರಿದರೆ ಸಾಕು; ಎಳೆಯುವ ಸರಪಣಿಯನ್ನು ಅದರ ಸ್ಥಾನಕ್ಕಿಂತ ಮೇಲೆ ಕಟ್ಟಿದರೆ ಮೂತಿ ಮೇಲೆದ್ದು ಹಿಂದಕ್ಕೆ ಬೀಳುತ್ತದೆ. ಇನ್ನೊಂದು, ಪಿ.ಟಿ.ಓ. ದಂಡದ ಮುಚ್ಚಳ. ನಿಮಿಷಕ್ಕೆ 540 ಸುತ್ತೆಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಪಂಚೆಯ ಅಂಚೋ, ಹೆಗಲ ಮೇಲಿನ ಟವಲೋ, ಸೀರೆಯ ಸೆರಗೋ ಸಿಕ್ಕಿತೆಂದರೆ ಕೂಗುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಮುಚ್ಚಳವನ್ನು ಅಡ್ಡಿಯೆಂದು ಕಿತ್ತು ಮೂಲೆಗೆ ಎಸೆದಿರುವ ಯಂತ್ರವನ್ನು ಕೊಂಡವನು, ಅದನ್ನು ಮತ್ತೆ ಹಾಕಿಸುವವರೆಗೆ ಸ್ಲ್ಯಾಷರನ್ನು ತಿರುಗಿಸಕೂಡದು.

ಸ್ಲ್ಯಾಷರು ಕಲ್ಲನ್ನೂ ತಂತಿಯ ಚೂರನ್ನೂ ದೂರಕ್ಕೆ ಹಾರಿಸುವುದರಿಂದ, ಕುದುರೆಗಳನ್ನು ಬೇರೆ ಬೇಲಿಗೆ ಹೊಡೆದ ಮೇಲೆಯೇ ಕೆಲಸ ತೊಡಗಬೇಕು. ಮುಗಿದ ಮೇಲೆ ಮೊಳೆ, ಕತ್ತಿಯ ಮುರುಕು ಮೊದಲಾದುವನ್ನು ಆರಿಸಿ ತೆಗೆಯಬೇಕು. ಗೊರಸಿಗೆ ಚುಚ್ಚಿದ ಗಾಯದಿಂದ ಧನುರ್ವಾಯು ತಗಲುವ ಪ್ರಾಣಿಗಳಲ್ಲಿ ಕುದುರೆಯೇ ಮೊದಲನೆಯದು. ಯಂತ್ರವನ್ನು ಹುಲ್ಲಿನ ಬಣವೆಯ ಪಕ್ಕದಲ್ಲಾಗಲಿ ಲಾಯದ ಚಾವಣಿಯ ಕೆಳಗಾಗಲಿ ನಿಲ್ಲಿಸಬಾರದು.

ಹೊಸದಾಗಿ ಟ್ರಾಕ್ಟರು ಬಂದ ಲಾಯದಲ್ಲಿ ಮೊದಲ ವಾರವೇ ಕೆಲಸಕ್ಕೆ ಇಳಿಸುವುದು ಸರಿಯಲ್ಲ. ಕುದುರೆಗಳಿಗೆ ಹುರುಳಿ ಇಡುವ ಹೊತ್ತಿಗೆ ಯಂತ್ರವನ್ನು ಗಾವಲಿನ ಆಚೆಯ ತುದಿಯಲ್ಲಿ ಸಣ್ಣ ಸದ್ದಿನಿಂದ ಓಡುವಂತೆ ಬಿಟ್ಟು, ದಿನದಿನಕ್ಕೆ ಕೆಲವು ಮಾರು ಹತ್ತಿರ ತರಬೇಕು. ಕುದುರೆಯು ಕಿವಿ ನಿಮಿರಿಸದೆ ತಿನ್ನುವುದನ್ನು ಮುಂದುವರಿಸಿದ ದಿನ ಅದು ಪಳಗಿತೆಂದು ತಿಳಿಯಬಹುದು.