ಗಂಟೆ ಬಾರಿಸುವ ಮೊದಲಿನ ಕಾಳಗ

1964ರ ಫೆಬ್ರವರಿ 25ರ ಬೆಳಿಗ್ಗೆ ಅಮೆರಿಕದ ಮಯಾಮಿ ಬೀಚ್‌ನಲ್ಲಿ ಇಬ್ಬರು ಬಾಕ್ಸರುಗಳ ತೂಕ ನೋಡುವ ಕಾರ್ಯಕ್ರಮವಿತ್ತು. ಅಂದು ರಾತ್ರಿಯೇ ಹೆವಿವೇಟ್ ವಿಶ್ವಪಟ್ಟಕ್ಕೆ ಪಂದ್ಯ. ತೂಕ ನೋಡುವುದೆಂದರೆ ಮಾಮೂಲಾಗಿ ಸಪ್ಪೆ ಕೆಲಸ. ತಕ್ಕಡಿ ಹತ್ತಬೇಕು, ವೈದ್ಯರು ನಾಡಿ ನೋಡುತ್ತಾರೆ, ಪತ್ರಿಕೆಯವರು ಫೋಟೋ ತೆಗೆಯುತ್ತಾರೆ, ಮುಗಿಯಿತು. ಆದರೆ ಅಂದು 22 ವರ್ಷದ ಕ್ಯಾಷಿಯಸ್ ಕ್ಲೇ ಒಳಗೆ ಬಂದವನೇ ಕೂಗಾಟ ಶುರುಮಾಡಿದ. ಹಾಲಿ ಚಾಂಪಿಯನ್ ಸಾನಿ ಲಿಸ್ಟನ್‌ನನ್ನು ಕಂಡೊಡನೆ ಮೈಮೇಲೆ ಏರಿಹೋಗುವವನಂತೆ ಎಗರಾಡಿದ. ಸಂಗಡಿಗರು ತೋಳು ಹಿಡಿದು ಎಳೆಯಬೇಕಾಯಿತು. ವೈದ್ಯರು ನೋಡಿದಾಗ ನಾಡಿ ನಿಮಿಷಕ್ಕೆ 120 ಹೊಡೆದುಕೊಳ್ಳುತ್ತಿತ್ತು. ಅವನ ಮಾಮೂಲಿ ನಾಡಿ 54. ಹುಡುಗ ಹೆದರಿ ಕಂಗೆಟ್ಟಿದ್ದಾನೆ ಎಂದೇ ಎಲ್ಲರೂ ತೀರ್ಮಾನಿಸಿದರು. 2,500 ಡಾಲರ್ ದಂಡವೂ ಬಿತ್ತು. ಕೋಣೆಗೆ ಮರಳಿದ ಮೇಲೆ ನೋಡಿದರೆ ನಾಡಿ ತಣ್ಣಗೆ ಮೊದಲಿನ ಲೆಕ್ಕಕ್ಕೆ ಇಳಿದಿತ್ತು.

ಈ ಕ್ಲೇ ಮುಂದೆ ಮಹಮ್ಮದ್ ಅಲಿ ಆದ. ಅವನ ಲೆಕ್ಕಾಚಾರವನ್ನು ಆಮೇಲೆ ಅವನೇ ಬಿಡಿಸಿ ಹೇಳಿದ. ಲಿಸ್ಟನ್ ಜೈಲು ಕಂಡು ಬಂದವನು, ಗಟ್ಟಿಗರಿಗೆ ಅಂಜುವವನಲ್ಲ. ಆದರೆ ಹುಚ್ಚನಿಗೆ ಯಾರಾದರೂ ಅಂಜಲೇಬೇಕು. ಹುಚ್ಚ ಮುಂದಿನ ಕ್ಷಣ ಏನು ಮಾಡುತ್ತಾನೆಂದು ಹೇಳಲಾಗದಲ್ಲ!

ಮುಷ್ಟಿಕಾಳಗ, ಕುಸ್ತಿ, ಈಚಿನ ಮಿಶ್ರ ಸಮರಕಲೆಯಂಥ ಆಟಗಳಲ್ಲಿ ಆತ್ಮವಿಶ್ವಾಸ ಎಷ್ಟು ಕೆಲಸ ಮಾಡುತ್ತದೆ, ಎದುರಾಳಿಯ ಮನಸ್ಸು ಕೆಡಿಸುವ ತಂತ್ರಗಳು ನಿಜಕ್ಕೂ ಫಲಿಸುತ್ತವೆಯೇ ಎಂಬುದು ಇಂದಿನ ಮಾತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ತಂತ್ರಗಳು ಫಲಿಸುತ್ತವೆ, ಆದರೆ ಎದುರಾಳಿಯೊಳಗೆ ಮೊದಲೇ ಒಂದು ಅಳುಕು ಇದ್ದರೆ ಮಾತ್ರ. ಇಲ್ಲದ ಅಳುಕನ್ನು ಬಾಯಿಮಾತಿನಿಂದ ಹುಟ್ಟಿಸಲು ಅಲಿಗೂ ಆಗಲಿಲ್ಲ.

ಇದು ನಮಗೆ ಹೊಸ ವಿಷಯವೂ ಅಲ್ಲ. ಕರ್ಣನ ಸಾರಥಿಯಾಗಿ ಕೂತ ಶಲ್ಯ ಮಾಡಿದ್ದೇನು? ಅರ್ಜುನನ ಹೊಗಳಿಕೆ, ಕರ್ಣನ ತೆಗಳಿಕೆ. ಧರ್ಮರಾಯನಿಗೆ ಕೊಟ್ಟ ಮಾತಿನಂತೆ ಕರ್ಣನ ತೇಜಸ್ಸನ್ನು ಕುಗ್ಗಿಸುವುದೇ ಅವನ ಕೆಲಸವಾಗಿತ್ತು. ರನ್ನನ ಗದಾಯುದ್ಧದಲ್ಲಿ ವೈಶಂಪಾಯನ ಸರೋವರದಲ್ಲಿ ಅಡಗಿ ಕೂತ ದುರ್ಯೋಧನನನ್ನು ಮೇಲೆಬ್ಬಿಸಿದ್ದು ಭೀಮನ ಗದೆಯಲ್ಲ, ಅವನ ಮೂದಲಿಕೆ. ಒಬ್ಬ ಎದೆಗುಂದಿಸಿದ, ಇನ್ನೊಬ್ಬ ರೇಗಿಸಿದ. ಇಂದಿನ ಪತ್ರಿಕಾಗೋಷ್ಠಿಗಳಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇವೆರಡೇ.

ಎದೆಗುಂದಿಸುವುದರಲ್ಲಿ ಲಿಸ್ಟನ್ನೇ ನಿಪುಣ. ರಿಂಗಿಗೆ ಬರುವಾಗ ನಿಲುವಂಗಿಯೊಳಗೆ ಟವೆಲ್ ತುರುಕಿಕೊಂಡು, ಇದ್ದದ್ದಕ್ಕಿಂತ ದೊಡ್ಡ ಆಳಾಗಿ ಕಾಣುವಂತೆ ಬರುತ್ತಿದ್ದ. ಪಂದ್ಯಕ್ಕೆ ಮುನ್ನ ರೆಫರಿ ಸೂಚನೆ ಕೊಡುವಾಗ ಎವೆಯಿಕ್ಕದೆ ದುರುಗುಟ್ಟುತ್ತಿದ್ದ. 1962ರ ಸೆಪ್ಟೆಂಬರಿನಲ್ಲಿ ಶಿಕಾಗೋದಲ್ಲಿ ಅವನೆದುರು ಪಟ್ಟ ಉಳಿಸಿಕೊಳ್ಳಲು ಇಳಿದವನು ಫ್ಲಾಯ್ಡ್ ಪ್ಯಾಟರ್ಸನ್. ಮೊದಲ ಸುತ್ತೇ ಮುಗಿಯಲಿಲ್ಲ, ಪ್ಯಾಟರ್ಸನ್ ನೆಲಕ್ಕೆ ಬಿದ್ದಿದ್ದ. ಆ ರಾತ್ರಿ ಅವನು ಕ್ರೀಡಾಂಗಣದಿಂದ ಹೊರಬಿದ್ದದ್ದು ಕೃತಕ ಗಡ್ಡಮೀಸೆ ಅಂಟಿಸಿಕೊಂಡು. ಗಮನಿಸಿ, ಆ ಗಡ್ಡವನ್ನು ಅವನು ಪಂದ್ಯಕ್ಕೆ ಮೊದಲೇ ಸಿದ್ಧಮಾಡಿ ಇಟ್ಟುಕೊಂಡಿದ್ದ. ವಿಶ್ವಚಾಂಪಿಯನ್ ಒಬ್ಬ ಸೋತರೆ ತಲೆಮರೆಸಿಕೊಳ್ಳುವ ವೇಷವನ್ನು ಜೊತೆಗೆ ತಂದಿದ್ದನೆಂದರೆ ಆ ಪಂದ್ಯ ಎಲ್ಲಿ ಮುಗಿದಿತ್ತೆಂದು ಬೇರೆ ಹೇಳಬೇಕೇ?

ಭಯ ಬಂದಾಗ ಮೈಯಲ್ಲಿ ಏನಾಗುತ್ತದೆ? ಅಡ್ರಿನಲಿನ್ ಏರುತ್ತದೆ, ಎದೆ ಬಡಿತ ಹೆಚ್ಚುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಆಡತೊಡಗುತ್ತದೆ. ಇದು ಅಳತೆ ಮೀರದಿದ್ದರೆ ಒಳ್ಳೆಯದೇ. ಕಣ್ಣು ಚುರುಕಾಗುತ್ತದೆ, ಕೈ ಚುರುಕಾಗುತ್ತದೆ. ಮೀರಿದರೆ ಭುಜಗಳು ತಾವಾಗಿಯೇ ಕಿವಿಯತ್ತ ಏರುತ್ತವೆ, ಮುಷ್ಟಿ ಬೇಡದ ಹೊತ್ತಿನಲ್ಲೂ ಬಿಗಿದೇ ಇರುತ್ತದೆ. ಬಿಗಿದ ಸ್ನಾಯು ಸುಮ್ಮನಿದ್ದರೂ ದಣಿಯುತ್ತದೆ. ಹಾಗಾಗಿ ಒಳ್ಳೆಯ ತಾಲೀಮು ಇದ್ದವನೂ ಎರಡನೆಯ ಸುತ್ತಿಗೇ ಏದುಸಿರು ಬಿಡುತ್ತಾನೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಹೊಡೆತ ತಪ್ಪಿಸಿಕೊಳ್ಳುವುದು ಯೋಚಿಸಿ ಮಾಡುವ ಕೆಲಸವಲ್ಲ, ವರ್ಷಗಟ್ಟಲೆ ಅಭ್ಯಾಸದಿಂದ ಮೈಗೆ ಹತ್ತಿದ್ದು. ತನ್ನ ಮೇಲೆ ತನಗೇ ಅನುಮಾನ ಬಂದವನು ಪ್ರತಿ ಚಲನೆಯನ್ನೂ ಯೋಚಿಸಿ ಮಾಡಹೋಗುತ್ತಾನೆ. ಅಷ್ಟರಲ್ಲಿ ಗುದ್ದು ಬಿದ್ದಿರುತ್ತದೆ.

ಇದನ್ನು ಪ್ರಯೋಗ ಮಾಡಿ ನೋಡಿದವರೂ ಇದ್ದಾರೆ. 1979ರಲ್ಲಿ ವೈನ್‌ಬರ್ಗ್, ಗೌಲ್ಡ್, ಜ್ಯಾಕ್ಸನ್ ಎಂಬ ಮೂವರು ಸಂಶೋಧಕರು ಕಾಲಿನ ಸಹನಶಕ್ತಿಯ ಒಂದು ಸ್ಪರ್ಧೆ ಇಟ್ಟರು. ಎದುರಾಳಿ ಸಂಶೋಧಕರದೇ ಮನುಷ್ಯ. ಕೆಲವರಿಗೆ ಅವನು ಪಳಗಿದ ಓಟಗಾರ ಎಂದು ಹೇಳಿದರು, ಉಳಿದವರಿಗೆ ಅವನ ಮೊಣಕಾಲಿಗೆ ಪೆಟ್ಟಾಗಿದೆ ಎಂದರು. ಎದುರಾಳಿ ದುರ್ಬಲ ಎಂದು ನಂಬಿದವರು ಹೆಚ್ಚು ಹೊತ್ತು ಕಾಲು ಎತ್ತಿ ಹಿಡಿದರು. ಮೊದಲ ಸಲ ಸೋತ ಮೇಲಂತೂ ಅಂತರ ಇನ್ನೂ ಹೆಚ್ಚಿತು: ಗೆಲ್ಲಬಲ್ಲೆ ಅಂದುಕೊಂಡವರು ಎರಡನೆಯ ಸಲ ಮತ್ತಷ್ಟು ಹಟ ಹಿಡಿದರು, ಅಂದುಕೊಳ್ಳದವರು ಬೇಗ ಕೈಚೆಲ್ಲಿದರು. ಕಾಲುಗಳು ಅವೇ. ಬದಲಾಗಿದ್ದು ಕಿವಿಗೆ ಬಿದ್ದ ಒಂದು ಸುದ್ದಿ.

ಇನ್ನೊಂದು ಸ್ವಾರಸ್ಯದ ಅಧ್ಯಯನ 2013ರದು. ಯುಎಫ್‌ಸಿ ಎಂಬ ಮಿಶ್ರ ಸಮರಕಲೆ ಸಂಸ್ಥೆಯ ಪಂದ್ಯಗಳ ಹಿಂದಿನ ದಿನ ಇಬ್ಬರು ಹೋರಾಟಗಾರರನ್ನು ಮುಖಾಮುಖಿ ನಿಲ್ಲಿಸಿ ಫೋಟೋ ತೆಗೆಯುವ ಪದ್ಧತಿ ಇದೆ. ಆ ಫೋಟೋಗಳನ್ನು ಮುಂದಿಟ್ಟುಕೊಂಡು ಕ್ರೌಸ್ ಮತ್ತು ಚೆನ್ ಎಂಬಿಬ್ಬರು ಯಾರು ಎಷ್ಟು ನಕ್ಕಿದ್ದಾರೆಂದು ಅಳೆದರು. ಹೆಚ್ಚು ನಕ್ಕವರೇ ಮರುದಿನ ಹೆಚ್ಚಾಗಿ ಸೋತಿದ್ದರು. ನಗು ಸೋಲಿಗೆ ಕಾರಣ ಎಂದಲ್ಲ. ನನಗಿಂತ ನೀನು ಜೋರು ಎಂಬುದು ಒಳಗೆ ಗೊತ್ತಿದ್ದವನ ಮುಖದಲ್ಲಿ ಅದು ನಗುವಾಗಿ ಹೊರಗೆ ಬಂದಿರಬಹುದು.

ಹಾಗಾದರೆ ಗೆಲ್ಲುವವರಿಗೆ ಭಯವೇ ಇರುವುದಿಲ್ಲವೇ? ಮೈಕ್ ಟೈಸನ್‌ನನ್ನು ನೋಡಿ. 1988ರಲ್ಲಿ ಅದುವರೆಗೆ ಸೋಲು ಕಾಣದ ಮೈಕಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮುಗಿಸಿದವನು. ನಿಲುವಂಗಿ ಇಲ್ಲ, ಕಾಲುಚೀಲವೂ ಇಲ್ಲ, ಕಪ್ಪು ಚಡ್ಡಿ, ಕಪ್ಪು ಶೂ. ಎದುರಾಳಿಗಳ ಅರ್ಧ ಜೀವ ಅಲ್ಲಿಗೇ ಹೋಗುತ್ತಿತ್ತು. ಅದೇ ಟೈಸನ್ ಹದಿಹರೆಯದಲ್ಲಿ, ಒಂದು ಕಿರಿಯರ ಪಂದ್ಯಕ್ಕೆ ಮುಂಚೆ, ತರಬೇತುದಾರ ಟೆಡ್ಡಿ ಅಟ್ಲಾಸ್‌ನ ಹೆಗಲ ಮೇಲೆ ತಲೆಯಿಟ್ಟು ಅಳುವ ದೃಶ್ಯ ಚಿತ್ರೀಕರಣವಾಗಿ ಉಳಿದಿದೆ. ಡ್ರೆಸ್ಸಿಂಗ್ ರೂಮಿನಿಂದ ಹೊರಡುವಾಗ ತನಗೆ ಭಯವಿರುತ್ತಿತ್ತು, ರಿಂಗ್ ಹತ್ತಿರವಾದಂತೆ ಅದು ಕರಗಿ ಧೈರ್ಯ ತುಂಬಿಕೊಳ್ಳುತ್ತಿತ್ತು ಎಂದು ಅವನೇ ಹೇಳಿಕೊಂಡಿದ್ದಾನೆ. ಅವನ ಗುರು ಕಸ್ ಡಿ'ಅಮಾಟೊ ಕಲಿಸಿದ್ದು ಇದನ್ನೇ: ಭಯ ಬೆಂಕಿಯ ಹಾಗೆ, ಹದದಲ್ಲಿಟ್ಟರೆ ಅಡುಗೆ, ಕೈಮೀರಿದರೆ ಮನೆಯೇ ಭಸ್ಮ.

ಆ ಟೈಸನ್‌ನ ದುರುಗುಟ್ಟುವಿಕೆ 1990ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ಒಬ್ಬನ ಮೇಲೆ ನಡೆಯಲೇ ಇಲ್ಲ. ಅವನು ಬಸ್ಟರ್ ಡಗ್ಲಾಸ್. ಪಂದ್ಯಕ್ಕೆ ಮೂರು ವಾರ ಮುಂಚೆ ತಾಯಿಯನ್ನು ಕಳೆದುಕೊಂಡಿದ್ದ. ಒಂದಕ್ಕೆ ನಲವತ್ತೆರಡರ ಬಾಜಿ ಅವನ ವಿರುದ್ಧವಿತ್ತು. ಎಂಟನೆಯ ಸುತ್ತಿನಲ್ಲಿ ಬಿದ್ದ, ಎದ್ದ, ಹತ್ತನೆಯ ಸುತ್ತಿನಲ್ಲಿ ಟೈಸನ್‌ನನ್ನು ನಾಕೌಟ್ ಮಾಡಿದ. ತಾಯಿಯ ಸಾವನ್ನು ಕಂಡು ಬಂದವನನ್ನು ಕಣ್ಣು ಕಿಸಿದು ಹೆದರಿಸುವುದು ಹೇಗೆ?

ಮತ್ತೆ ಅಲಿಯ ಕಡೆಗೆ. ಮಯಾಮಿಯಲ್ಲಿ ಲಿಸ್ಟನ್ ಏಳನೆಯ ಸುತ್ತಿಗೆ ಸ್ಟೂಲಿನಿಂದ ಏಳಲೇ ಇಲ್ಲ; ಭುಜಕ್ಕೆ ನೋವೆಂದ. ಹುಚ್ಚಾಟದಿಂದಲೇ ಅಲಿ ಗೆದ್ದ ಎಂದರೆ ತಪ್ಪಾಗುತ್ತದೆ. ಗೆಲ್ಲಿಸಿದ್ದು ಅವನ ಕಾಲು, ಅವನ ಎಡಗೈಯ ಜ್ಯಾಬ್. ಆದರೆ ಎದುರಿಗಿರುವವನು ಬರೀ ಬಾಯಿಬಡುಕ ಅಂದುಕೊಂಡ ಲಿಸ್ಟನ್ ಬೇಗ ಮುಗಿಯುವ ಪಂದ್ಯಕ್ಕಷ್ಟೇ ತಯಾರಾಗಿ ಬಂದಿದ್ದ. ಬೊಬ್ಬೆಯ ಫಲ ಅಷ್ಟು.

ಹತ್ತು ವರ್ಷದ ನಂತರ, 1974ರ ಅಕ್ಟೋಬರ್ 30ರ ನಸುಕಿನ ನಾಲ್ಕು ಗಂಟೆ, ಆಫ್ರಿಕದ ಆಗಿನ ಜೈರ್ ದೇಶದ ಕಿನ್ಶಾಸಾ ನಗರ. ಇದು ನನ್ನ ಮಟ್ಟಿಗೆ ಮನಸ್ಸಿನ ಆಟದ ಅತಿ ದೊಡ್ಡ ಪಾಠ. ಅಲಿಗೆ 32 ವರ್ಷ. ಎದುರಿಗೆ 25ರ ಜಾರ್ಜ್ ಫೋರ್ಮನ್. 40 ಪಂದ್ಯ, 40 ಗೆಲುವು, ಅದರಲ್ಲಿ 37 ನಾಕೌಟ್. ಅಲಿಯನ್ನು ಸೋಲಿಸಿದ್ದ ಜೋ ಫ್ರೇಜಿಯರ್‌ನನ್ನು ಇವನು ಎರಡೇ ಸುತ್ತಿನಲ್ಲಿ ಆರು ಸಲ ಕೆಡವಿದ್ದ. ಅಲಿ ತಿಂಗಳುಗಟ್ಟಲೆ ಒಂದೇ ಮಾತು ಹೇಳುತ್ತ ಬಂದ: ನಾನು ಕುಣಿಯುತ್ತೇನೆ, ಅವನ ಕೈಗೆ ಸಿಗುವುದಿಲ್ಲ. ಫೋರ್ಮನ್‌ನ ಕಡೆಯವರು ಅದನ್ನು ನಂಬಿ, ಕುಣಿಯುವವನನ್ನು ಮೂಲೆಗೊತ್ತುವ ಅಭ್ಯಾಸ ಮಾಡಿಸಿದರು. ಫೋರ್ಮನ್ ತನ್ನ ಜರ್ಮನ್ ಶೆಫರ್ಡ್ ನಾಯಿಯೊಡನೆ ವಿಮಾನ ಇಳಿದದ್ದೂ ಸ್ಥಳೀಯರಿಗೆ ಹಿಡಿಸಲಿಲ್ಲ. ಹಿಂದೆ ಅಲ್ಲಿದ್ದ ಬೆಲ್ಜಿಯಂ ಆಳ್ವಿಕೆಯ ಪೊಲೀಸರ ಕೈಯಲ್ಲಿದ್ದದ್ದು ಅಂಥವೇ ನಾಯಿಗಳು. ಜನ ಅಲಿಯ ಹೆಸರು ಕೂಗಿದರು.

ಪಂದ್ಯ ಶುರುವಾದ ಮೇಲೆ ಅಲಿ ಕುಣಿಯಲೇ ಇಲ್ಲ. ಎರಡನೆಯ ಸುತ್ತಿನಿಂದ ಹಗ್ಗಕ್ಕೆ ಒರಗಿ, ಮುಂಗೈಗಳಿಂದ ಮುಖ ಮುಚ್ಚಿಕೊಂಡು, ಹೊಡಿ ಎಂದು ನಿಂತುಬಿಟ್ಟ. ರಿಂಗಿನ ಮೂಲೆಯಲ್ಲಿ ನಿಂತ ಅವನ ಕಡೆಯವರೇ ಹಗ್ಗ ಬಿಟ್ಟು ಬಾ ಎಂದು ಅರಚುತ್ತಿದ್ದರು. ಫೋರ್ಮನ್ ಹೊಡೆದ. ಗುದ್ದುಗಳು ತೋಳಿಗೆ, ಪಕ್ಕೆಗೆ ಬಿದ್ದವು. ಹೊಡೆತ ತಿನ್ನುತ್ತಲೇ ಅಲಿ ಅವನ ಕಿವಿಯಲ್ಲಿ ಮಾತಾಡುತ್ತಿದ್ದ. ಎಷ್ಟೋ ವರ್ಷಗಳ ನಂತರ ಫೋರ್ಮನ್ನೇ ಹೇಳಿದ್ದಾನೆ: ಬಲವೆಲ್ಲ ಹಾಕಿ ಹೊಡೆದಾಗ ಅಲಿ ನಿನ್ನ ಕೈಯಲ್ಲಿ ಆಗುವುದು ಇಷ್ಟೇನಾ ಎಂದು ಕೇಳಿದ, ಹೌದು, ಇಷ್ಟೇ ಎಂದು ತನಗೆ ಒಳಗೇ ಅನ್ನಿಸಿತು. ಎಂಟನೆಯ ಸುತ್ತಿನಲ್ಲಿ ದಣಿದ ಫೋರ್ಮನ್ ಬಿದ್ದ.

ಇಲ್ಲಿ ಒಂದು ಸೂಕ್ಷ್ಮವಿದೆ. ಆ ಮಾತನ್ನು ಅಲಿ ಪತ್ರಿಕಾಗೋಷ್ಠಿಯಲ್ಲಿ ಕೇಳಿದ್ದರೆ ಫೋರ್ಮನ್ ನಕ್ಕುಬಿಡುತ್ತಿದ್ದ. ಅವನ ಅತಿ ಜೋರಿನ ಗುದ್ದು ತಿಂದು, ನಿಂತೇ ಕೇಳಿದ್ದರಿಂದ ಅದು ನಾಟಿತು. ಮೈ ಸಾಕ್ಷಿ ಹೇಳದ ಮಾತಿಗೆ ರಿಂಗಿನೊಳಗೆ ಬೆಲೆಯಿಲ್ಲ.

ಫ್ರೇಜಿಯರ್‌ನ ಕತೆ ಬೇರೆ. ಸೇನೆಗೆ ಸೇರಲು ಒಪ್ಪದ್ದಕ್ಕೆ ಅಲಿಯ ಪರವಾನಗಿ ಹೋಗಿದ್ದ ಕಾಲದಲ್ಲಿ ಅವನ ಪರ ನಿಂತವನು ಈ ಫ್ರೇಜಿಯರ್. ಅಂಥವನನ್ನೇ ಅಲಿ ಬಿಳಿಯರ ಗುಲಾಮನೆಂದ, ಗೊರಿಲ್ಲಾ ಎಂದ, 1975ರ ಮನಿಲಾ ಪಂದ್ಯಕ್ಕೆ ಮುಂಚೆ ರಬ್ಬರಿನ ಗೊರಿಲ್ಲಾ ಬೊಂಬೆಯನ್ನು ಗುದ್ದಿ ತೋರಿಸಿದ. ಫಲ? ಫ್ರೇಜಿಯರ್ ಹೆದರಲಿಲ್ಲ. 1971ರಲ್ಲಿ 15ನೆಯ ಸುತ್ತಿನಲ್ಲಿ ಅಲಿಯನ್ನೇ ಕೆಡವಿ ಗೆದ್ದಿದ್ದ. ಮನಿಲಾದಲ್ಲಿ 14 ಸುತ್ತು, ಕಣ್ಣು ಊದಿ ಮುಚ್ಚಿಹೋಗುವವರೆಗೆ ಹೊಡೆದಾಡಿದ. ಕೊನೆಗೆ ಅವನ ಮೂಲೆಯವರೇ ಪಂದ್ಯ ನಿಲ್ಲಿಸಿದರು. ಆ ಮಾತುಗಳ ಕಹಿ ದಶಕಗಟ್ಟಲೆ ಅವನೊಳಗೆ ಉಳಿಯಿತು. 2001ರಲ್ಲಿ ಅಲಿ ಪತ್ರಿಕೆಯೊಂದರ ಮೂಲಕ ಕ್ಷಮೆ ಕೇಳಿದ. ಟಿಕೆಟು ಮಾರಲು ಆಡಿದ ಮಾತು ಅದು ಎಂದು ಸಮಜಾಯಿಷಿ ಕೊಟ್ಟ. ಅಲಿಯ ಅಭಿಮಾನಿಗಳು ಇದನ್ನು ಜಾಣತನದ ಪಟ್ಟಿಗೆ ಸೇರಿಸುತ್ತಾರೆ. ನಾನು ಸೇರಿಸಲಾರೆ.

ರೇಗಿಸುವ ತಂತ್ರಕ್ಕೆ ಈಚಿನ ಉದಾಹರಣೆ ಮಿಶ್ರ ಸಮರಕಲೆಯ ಹೋರಾಟಗಾರ, ಐರ್ಲೆಂಡಿನ ಕಾನರ್ ಮೆಕ್‌ಗ್ರೆಗರ್. ಹತ್ತು ವರ್ಷ ಸೋಲದ ಬ್ರೆಜಿಲ್‌ನ ಜೋಸೆ ಆಲ್ಡೊನನ್ನು ತಿಂಗಳುಗಟ್ಟಲೆ ಹಂಗಿಸಿದ, ಡಬ್ಲಿನ್‌ನಲ್ಲಿ ಅವನ ಮುಂದಿದ್ದ ಚಾಂಪಿಯನ್ ಬೆಲ್ಟನ್ನೇ ಕಿತ್ತುಕೊಂಡ. 2015ರ ಡಿಸೆಂಬರಿನಲ್ಲಿ ಆಲ್ಡೊ ತನ್ನ ತಾಳ್ಮೆಯ ಶೈಲಿ ಬಿಟ್ಟು ನುಗ್ಗಿದ. 13 ಸೆಕೆಂಡಿನಲ್ಲಿ ನೆಲಕ್ಕುರುಳಿದ. ಅದೇ ವಿದ್ಯೆಯನ್ನು 2018ರಲ್ಲಿ ದಾಗೆಸ್ತಾನದ ಖಬೀಬ್ ನುರ್ಮಗೊಮೆದೋವ್‌ನ ಮೇಲೆ ಪ್ರಯೋಗಿಸಿದ. ಅವನ ಮನೆತನ, ಧರ್ಮ ಯಾವುದನ್ನೂ ಬಿಡಲಿಲ್ಲ. ಖಬೀಬನಿಗೂ ಸಿಟ್ಟು ಬಂತು, ಆದರೆ ಅವನ ಪಟ್ಟುಗಳು ಸಡಿಲವಾಗಲಿಲ್ಲ. ನಾಲ್ಕನೆಯ ಸುತ್ತಿನಲ್ಲಿ ಮೆಕ್‌ಗ್ರೆಗರ್ ಸೋಲೊಪ್ಪಿಕೊಂಡ.

ಸದ್ದಿಲ್ಲದ ಆತ್ಮವಿಶ್ವಾಸವನ್ನು ನಾವೇ ಈಚೆಗೆ ಕಂಡೆವು. 2024ರ ಆಗಸ್ಟ್ 6ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 50 ಕಿಲೋ ಕುಸ್ತಿಯ ಮೊದಲ ಪಂದ್ಯದಲ್ಲೇ ವಿನೇಶ್ ಫೋಗಟ್ ಅವರಿಗೆ ಎದುರಾದದ್ದು ಜಪಾನಿನ ಯುಯಿ ಸುಸಾಕಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಒಂದು ಅಂಕವನ್ನೂ ಬಿಟ್ಟುಕೊಡದೆ ಚಿನ್ನ ಗೆದ್ದವರು, ಅಂತರರಾಷ್ಟ್ರೀಯ ಕಣದಲ್ಲಿ 82 ಪಂದ್ಯ ಸೋಲಿಲ್ಲದೆ ಬಂದವರು. ವಿನೇಶ್ ಆಕ್ರಮಣಕ್ಕೇ ಇಳಿಯಲಿಲ್ಲ. ಸುಮ್ಮನಿದ್ದದ್ದಕ್ಕೆ ಎದುರಾಳಿಗೆ ಒಂದು ಅಂಕ, ಮತ್ತೊಂದು ಅಂಕ ಹೋಯಿತು. 0-2. ನೋಡುವವರು ಚಡಪಡಿಸಿದರು. ಕೊನೆಯ ಕೆಲವೇ ಸೆಕೆಂಡು ಉಳಿದಾಗ ಸುಸಾಕಿಯನ್ನು ಕೆಡವಿ ಎರಡು ಅಂಕ ಪಡೆದರು. ಜಪಾನಿನವರ ಆಕ್ಷೇಪಣೆ ಬಿದ್ದುಹೋಗಿ ಇನ್ನೊಂದು ಅಂಕ ಬಂತು. 3-2. ಹಿನ್ನಡೆಯಲ್ಲಿದ್ದೂ ಆತುರಪಡದೆ ಅಷ್ಟು ಹೊತ್ತು ಕಾಯಲು ಬೇಕಾಗುವ ನಂಬಿಕೆ ಯಾವ ಪತ್ರಿಕಾಗೋಷ್ಠಿಯಲ್ಲೂ ಸಿಗುವಂಥದ್ದಲ್ಲ. ಮರುದಿನ ತೂಕ 100 ಗ್ರಾಂ ಹೆಚ್ಚಾಗಿ ಅವರು ಫೈನಲ್‌ನಿಂದ ಹೊರಬಿದ್ದ ಸಂಕಟ ನಿಮಗೆ ಗೊತ್ತೇ ಇದೆ. ಅದು ಈ ಪಂದ್ಯದ ಹಿರಿಮೆಯನ್ನು ತಗ್ಗಿಸುವುದಿಲ್ಲ.

ಮೈಸೂರಿನ ದೊಡ್ಡಕೆರೆ ಮೈದಾನದಲ್ಲಿ ದಸರಾ ಕುಸ್ತಿ ನೋಡಲು ಹೋಗುವವರಿಗೆ ಒಂದು ಮಾತು. ಜಟ್ಟಿಗಳು ಸೆಡ್ಡು ಹೊಡೆಯುವಾಗ, ತೊಡೆ ತಟ್ಟುವಾಗ ಇಬ್ಬರೂ ಸಮಾನ ಶೂರರಾಗಿಯೇ ಕಾಣುತ್ತಾರೆ. ಅಲ್ಲಿ ಏನೂ ತಿಳಿಯುವುದಿಲ್ಲ. ಒಬ್ಬ ಮೊದಲ ಸಲ ಕೆಳಗೆ ಸಿಕ್ಕಿಬಿದ್ದಾಗ ಅವನನ್ನೇ ನೋಡಿ. ಉಸಿರು ಹಿಡಿದು ಒದ್ದಾಡುತ್ತಾನೋ, ಉಸಿರು ಬಿಟ್ಟು, ಮೈ ಸಡಿಲಿಸಿ, ಮೇಲಿನವನು ತಪ್ಪುವುದನ್ನು ಕಾಯುತ್ತಾನೋ ಗಮನಿಸಿ. ಎರಡನೆಯ ಬಗೆಯವನು ಚಿತ್ ಆಗುವುದು ಕಡಿಮೆ.