ಬೆನ್ನಿಗೆ ಕಟ್ಟಿದ ಉಸಿರಿನ ಬುತ್ತಿ



ದೂರದ ಪಯಣಕ್ಕೆ ಹೊರಟವನು ಬುತ್ತಿ ಕಟ್ಟಿಕೊಂಡು ಹೋಗುವುದು ನಮ್ಮ ನಾಡಿನ ಹಳೆಯ ರೂಢಿ. ಆ ಬುತ್ತಿಯ ಗಂಟು ನಡುದಾರಿಯಲ್ಲಿ ಬಿಚ್ಚಿಕೊಂಡರೆ ಒಂದು ಹೊತ್ತಿನ ಉಪವಾಸವಾದೀತು. ಅದಕ್ಕಿಂತ ಹೆಚ್ಚಿನ ಕೇಡೇನೂ ಇಲ್ಲ. ಆದರೆ ಅನ್ನಕ್ಕೆ ಬದಲಾಗಿ ಉಸಿರನ್ನೇ ಬುತ್ತಿಯಾಗಿ ಕಟ್ಟಿಕೊಂಡು ಹೋಗಬೇಕಾದ ಪಯಣವೊಂದುಂಟು. ಕಡಲಿನ ಒಡಲಿಗೆ ಇಳಿಯುವವನದು ಅಂಥ ಪಯಣ. ಅವನ ಬುತ್ತಿ ಬೆನ್ನಿನ ಮೇಲಿರುತ್ತದೆ. ಅದರ ಗಂಟನ್ನು ಅವನು ಕಾಣಲಾರ. ಈ ಹೊತ್ತು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಆ ಗಂಟಿನ ವಿಷಯವಾಗಿ. ವಿಷಯ ಚಿಕ್ಕದು: ಎರಡು ಬೆರಳಗಲದ ಒಂದು ಪಟ್ಟಿ, ಅದಕ್ಕೊಂದು ಬಕಲ್ಲು. ಆದರೆ ಚಿಕ್ಕ ವಸ್ತುವಿಗೆ ದೊಡ್ಡ ಹೊಣೆಯನ್ನು ಒಪ್ಪಿಸಿದಾಗ ಅದರ ಮಾತೂ ಆಡಲು ತಕ್ಕದ್ದಾಗುತ್ತದೆ.

1943ರವರೆಗೆ ಆಳದಲ್ಲಿ ಬಹಳ ಹೊತ್ತು ಕೆಲಸ ಮಾಡುತ್ತಿದ್ದ ಮುಳುಗುಗಾರರು ಬಹುಪಾಲು ಮೇಲಿನ ಹಡಗಿಗೆ ಕೊಳವೆಯ ಮೂಲಕ ಕಟ್ಟುಬಿದ್ದವರು. ತಲೆಗೆ ಲೋಹದ ಶಿರಸ್ತ್ರಾಣ, ಕಾಲಿಗೆ ಸೀಸದ ಭಾರ. ಗಾಳಿ ಬರಬೇಕಾದರೆ ಮೇಲಿರುವವರು ಪಂಪನ್ನು ಒತ್ತುತ್ತಲೇ ಇರಬೇಕು. ಆ ವರ್ಷ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಈವ್ ಕುಸ್ಟೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾಂ ಸೇರಿ 'ಆಕ್ವಾಲಂಗ್' ಎಂಬ ಉಪಕರಣವನ್ನು ರೂಪಿಸಿದರು. ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯನ್ನು, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿಸಿ, ಉಸಿರೆಳೆದಾಗ ಮಾತ್ರ ಬಾಯಿಗೆ ಕೊಡುವ ರೆಗ್ಯುಲೇಟರು ಅದರ ಜೀವಾಳ. ಮನುಷ್ಯನು ಮೀನಿನಂತೆ ಬೇಕಾದತ್ತ ತಿರುಗಾಡುವ ಸ್ವಾತಂತ್ರ್ಯ ಪಡೆದನು. ಆದರೆ ಬಿಡುಗಡೆಯೆಂದರೆ ಕಟ್ಟೇ ಇಲ್ಲದ ಸ್ಥಿತಿಯಲ್ಲವಷ್ಟೆ. ಹಡಗಿನಲ್ಲಿದ್ದ ಕಟ್ಟು ಅವನ ಬೆನ್ನಿಗೆ ಬಂದಿತು. ಮೊದಲು ಪಂಪು ಒತ್ತುವವರನ್ನು ನಂಬಿದ್ದವನು, ಈಗ ತಾನೇ ಬಿಗಿದ ಪಟ್ಟಿಯನ್ನು ನಂಬಬೇಕಾಯಿತು.

ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ ಸುಮಾರು 11 ಲೀಟರು. ಅದರೊಳಗೆ ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿಯನ್ನು ಹೊರಗೆ ಬಿಟ್ಟರೆ 2,200 ಲೀಟರಿನಷ್ಟಾಗುತ್ತದೆ. ಬರಿಯ ಸಿಲಿಂಡರಿನ ತೂಕ ಸುಮಾರು 14 ಕಿಲೋ. ಗಾಳಿಗೇನು ತೂಕವೆಂದು ನಾವು ಹಗುರವಾಗಿ ಹೇಳಿಬಿಡುತ್ತೇವೆ. ಆದರೆ ಈ ಗಾಳಿಯೇ ಎರಡೂವರೆ ಕಿಲೋಗೂ ಮಿಕ್ಕಿ ತೂಗುತ್ತದೆ. ಆದುದರಿಂದಲೇ ತುಂಬಿದ ಸಿಲಿಂಡರು ನೀರಿನಲ್ಲಿ ಮುಳುಗುತ್ತದೆ, ಬರಿದಾಗುತ್ತ ಬಂದಂತೆ ತೇಲಲು ಹವಣಿಸುತ್ತದೆ. ಇಳಿಯುವಾಗ ಕೆಳಕ್ಕೆ ಜಗ್ಗಿದ ಗೆಳೆಯನೇ ಏರುವ ಹೊತ್ತಿಗೆ ಮೇಲಕ್ಕೆ ಜಗ್ಗುತ್ತಾನೆ. ಈ ಚಂಚಲ ಹೇರನ್ನು ಹಿಡಿದಿಡಬೇಕಾದದ್ದು ಮುಳುಗುಗಾರನು ತೊಡುವ ತೇಲು ಜಾಕೀಟು. ಗಾಳಿ ತುಂಬಿದರೆ ಉಬ್ಬಿ ಮೇಲೆತ್ತುವ, ಗಾಳಿ ಬಿಟ್ಟರೆ ಇಳಿಯಗೊಡುವ ಈ ಜಾಕೀಟಿನ ಬೆನ್ನಿಗೆ ಸಿಲಿಂಡರನ್ನು ಬಿಗಿಯುವುದೇ ಆ ಪಟ್ಟಿ. ಹೇರೆತ್ತಿನ ಬೆನ್ನಿನ ಗೋಣಿ ಒಂದು ಕಡೆಗೆ ವಾಲಿದರೆ ಎತ್ತು ಹೇಗೆ ಮುಗ್ಗರಿಸುತ್ತದೆಯೋ, ಸಿಲಿಂಡರು ಜಾರಿದ ಮನುಷ್ಯನ ಪಾಡೂ ಹಾಗೆಯೇ.

ಈ ಪಟ್ಟಿ ಏಕೆ ಜಾರುತ್ತದೆ? ಇದರಲ್ಲೊಂದು ಸ್ವಾರಸ್ಯವಿದೆ. ಹಗ್ಗ ನೆನೆದರೆ ಬಿಗಿಯುತ್ತದೆಂಬುದು ನಮ್ಮ ರೈತರ ಅನುಭವ. ಸೆಣಬು, ಹತ್ತಿ ಮೊದಲಾದ ನಾರಿನ ಹುರಿ ನೀರು ಕುಡಿದು ದಪ್ಪವಾಗುತ್ತದೆ, ದಪ್ಪವಾದಂತೆ ಅದರ ಉದ್ದ ಕುಗ್ಗುತ್ತದೆ, ಕಟ್ಟು ಬಿಗಿಯಾಗುತ್ತದೆ. ಆದರೆ ಜಾಕೀಟಿನ ಪಟ್ಟಿ ಸಾಮಾನ್ಯವಾಗಿ ನೈಲಾನಿನದು. ಪ್ರಯೋಗಶಾಲೆಯಲ್ಲಿ 1935ರಲ್ಲಿ ಹುಟ್ಟಿದ ಈ ನೂಲಿನ ಸ್ವಭಾವವೇ ಬೇರೆ. ನೀರಿನ ಕಣಗಳು ಅದರ ಎಳೆಗಳ ನಡುವೆ ನುಸುಳಿ, ಎಳೆ ಎಳೆಯನ್ನು ಹಿಡಿದಿರುವ ಬಂಧವನ್ನು ಸಡಿಲಿಸುತ್ತವೆ. ಪಟ್ಟಿ ಮೆದುವಾಗಿ, ತುಸು ಉದ್ದವಾಗುತ್ತದೆ. ದಡದಲ್ಲಿ ಒಣಗಿದ್ದಾಗ ಎಷ್ಟೇ ಬಿಗಿದಿದ್ದರೂ ನೀರಿಗಿಳಿದ ಕೆಲವು ನಿಮಿಷಗಳಲ್ಲಿ ಅದು ತನ್ನ ಮಾತಿಗೆ ತಪ್ಪುತ್ತದೆ. ಹಳೆಯ ಹಗ್ಗದಿಂದ ಕಲಿತ ಪಾಠವನ್ನು ಹೊಸ ಹಗ್ಗಕ್ಕೆ ಹಾಗೆಯೇ ಅನ್ವಯಿಸುವವನು ಮೋಸಹೋಗುತ್ತಾನೆ.

ಹಾಗೆ ಮೋಸಹೋದವರಲ್ಲಿ ನಾನೂ ಒಬ್ಬ. ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ ನೇತ್ರಾಣಿಯೆಂಬ ದ್ವೀಪವಿದೆ. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ಅಲ್ಲಿ ಮುಳುಗಲು ಜನ ಹೋಗುತ್ತಾರೆ. ಹವಳದ ಕಲ್ಲುಗಳ ನಡುವೆ ಬಣ್ಣಬಣ್ಣದ ಮೀನುಗಳು ಸುಳಿದಾಡುವ ಆ ನೋಟವನ್ನು ಬಣ್ಣಿಸಹೊರಟರೆ ನನ್ನ ಸಮಯವೆಲ್ಲ ಅದಕ್ಕೇ ಸಂದೀತು. ನಾನು ತಕ್ಕ ತರಬೇತಿ ಮುಗಿಸಿ ಅಲ್ಲಿಗೆ ಹೋಗಿದ್ದೆ. ದೋಣಿಯಲ್ಲಿ ನನ್ನ ಸಾಮಗ್ರಿಯನ್ನು ನಾನೇ ಜೋಡಿಸಿಕೊಳ್ಳುತ್ತೇನೆಂದು ಹಟ ಹಿಡಿದೆ. ಬಿಸಿಲಿಗೆ ಕಾದು ಗರಿಗರಿಯಾಗಿದ್ದ ಪಟ್ಟಿಯನ್ನು ಎಳೆದು ಬಕಲ್ಲು ಮಡಿಚಿದೆ. ಬಿಗಿಯಾಗಿದೆ ಎನ್ನಿಸಿತು. ಜೊತೆಗಾರನಾಗಿ ಬಂದಿದ್ದ ತರುಣ, "ಸರ್, ಒಂದು ಸಲ ನೋಡಲೇ?" ಎಂದು ಕೇಳಿದ. "ಬೇಡಪ್ಪಾ, ಎಲ್ಲ ಸರಿಯಾಗಿದೆ" ಎಂದೆ.

ಹತ್ತು ಮೀಟರು ಇಳಿದಿರಬೇಕು. ಸೊಂಟದ ಕೆಳಗೆ ಏನೋ ಗಟ್ಟಿಯಾದದ್ದು ತಾಗಿತು. ಮರುಕ್ಷಣ ಬಾಯಲ್ಲಿದ್ದ ರೆಗ್ಯುಲೇಟರನ್ನು ಬಲಗಡೆಯಿಂದ ಯಾರೋ ಎಳೆದಂತಾಯಿತು. ಸಿಲಿಂಡರು ಪಟ್ಟಿಯೊಳಗಿಂದ ಕೆಳಕ್ಕೆ ಜಾರಿತ್ತು. ಕೊಳವೆ ಬಿಗಿದು ನಿಂತಿತ್ತು. ಹಲ್ಲು ಕಚ್ಚಿ ಹಿಡಿದ ರಬ್ಬರಿನ ತುಂಡೊಂದೇ ನನಗೂ ಆ ಎರಡು ಸಾವಿರ ಲೀಟರು ಗಾಳಿಗೂ ಇದ್ದ ನಂಟು. ಮೇಲಕ್ಕೆ ಹಾರಿಬಿಡೋಣವೆಂದು ಮೈಯೆಲ್ಲ ತವಕಿಸಿತು. ಆದರೆ ಹತ್ತು ಮೀಟರು ಆಳದಲ್ಲಿ ಒತ್ತಡವು ಮೇಲಿನದಕ್ಕಿಂತ ಇಮ್ಮಡಿ. ಅಲ್ಲಿ ಎಳೆದುಕೊಂಡ ಉಸಿರನ್ನು ಹಿಡಿದುಕೊಂಡೇ ಮೇಲೆ ಬಂದರೆ ಅದು ಇಮ್ಮಡಿಯಾಗಿ ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಲ್ಲದು. ಕಲಿಸಿದ ಗುರುವಿನ ಮಾತು ನೆನಪಿಗೆ ಬಂತು: ನಿಲ್ಲು, ಉಸಿರಾಡು, ಯೋಚಿಸು. ಒಂದು ಕೈಯಿಂದ ರೆಗ್ಯುಲೇಟರನ್ನು ಬಾಯಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಬೆನ್ನಿನತ್ತ ತೋರಿಸಿದೆ.

ತರುಣ ಅದಾಗಲೇ ನನ್ನ ಹಿಂದೆ ಬಂದಿದ್ದ. ಕವಾಟದ ಕೊರಳನ್ನು ಹಿಡಿದು ಸಿಲಿಂಡರನ್ನು ಮೇಲೆತ್ತಿದ, ಬಕಲ್ಲು ಬಿಚ್ಚಿದ, ನೆನೆದ ಪಟ್ಟಿಯನ್ನು ಎಳೆದು ಮತ್ತೆ ಮಡಿಚಿದ. ಅರ್ಧ ನಿಮಿಷದ ಕೆಲಸವಿದ್ದಿರಬಹುದು. ನನಗೆ ಅದು ಒಂದು ಯುಗ. ಬಳಿಕ ನನ್ನ ಎದುರಿಗೆ ಬಂದು, ಎಲ್ಲ ಸರಿಯೇ ಎಂದು ಬೆರಳು ಮಡಿಚಿ ಕೇಳಿದ. ನಾನೂ ಬೆರಳು ಮಡಿಚಿ ತೋರಿಸಿದೆ.

ದೋಣಿಗೆ ಮರಳಿದ ಮೇಲೆ ಅವನು ನನ್ನನ್ನು ಆಕ್ಷೇಪಿಸಲಿಲ್ಲ. ಎರಡನೆಯ ಮುಳುಗಿಗೆ ಸಿದ್ಧವಾಗುವಾಗ ಒಂದು ಚೊಂಬು ಕಡಲ ನೀರನ್ನು ತಂದು ಪಟ್ಟಿಯ ಮೇಲೆ ಸುರಿದ. "ಇದನ್ನು ಮೊದಲು ನೆನೆಸಬೇಕು ಸರ್, ಆಮೇಲೆ ಬಿಗಿಯಬೇಕು" ಎಂದನಷ್ಟೆ. ಆ ಚೊಂಬು ನೀರಿನಷ್ಟು ಸ್ಪಷ್ಟವಾದ ಉಪದೇಶವನ್ನು ನಾನು ಬೇರೆಲ್ಲಿಯೂ ಕೇಳಿಲ್ಲ.

ಮುಂದೆ ಅವನು ಮಾಡಿ ತೋರಿಸಿದ ಕ್ರಮವನ್ನು ನಿಮಗೂ ಹೇಳುತ್ತೇನೆ. ಜಾಕೀಟನ್ನು ಸಿಲಿಂಡರಿನ ಮೇಲಿಂದ ಇಳಿಬಿಡಬೇಕು. ಗಾಳಿ ಹೊರಬರುವ ಕವಾಟದ ಬಾಯಿ ಮುಳುಗುಗಾರನ ಬೆನ್ನಿನ ಕಡೆಗಿರಬೇಕು. ಜಾಕೀಟಿನ ಕೊರಳುಪಟ್ಟಿ ಕವಾಟದ ಮಟ್ಟಕ್ಕೆ ಬರಬೇಕು: ಸಿಲಿಂಡರು ಹೆಚ್ಚು ಮೇಲಿದ್ದರೆ ತಲೆಯೆತ್ತಿದಾಗ ಹಿಂದಲೆ ಲೋಹಕ್ಕೆ ಬಡಿಯುತ್ತದೆ, ಹೆಚ್ಚು ಕೆಳಗಿದ್ದರೆ ಕೊಳವೆ ಸಾಲದು. ಪಟ್ಟಿಯು ಸಿಲಿಂಡರಿನ ನೇರವಾದ ಮೈಮೇಲೆ ಕೂರಬೇಕೇ ಹೊರತು ಬಾಗಿದ ಹೆಗಲಿನ ಮೇಲಲ್ಲ. ಬಕಲ್ಲಿನ ಕಂಡಿಗಳಲ್ಲಿ ಪಟ್ಟಿಯನ್ನು ಪೋಣಿಸುವ ಕ್ರಮ ತಪ್ಪಿದರೆ ಎಷ್ಟು ಎಳೆದರೂ ಹಿಡಿತ ನಿಲ್ಲದು. ಬೇರೆ ಸಿಲಿಂಡರು ಬಂದಾಗ ಅದರ ಸುತ್ತಳತೆ ಬೇರೆಯಿರಬಹುದು. ನಿನ್ನೆಯ ಅಳತೆಯನ್ನು ಇಂದು ನಂಬಬಾರದು. ಬಕಲ್ಲು ಮಡಿಚಲು ಅಂಗೈಯ ಬಲ ಬೇಕು; ಎರಡು ಬೆರಳಿಗೇ ಅದು ಮಣಿದರೆ ಪಟ್ಟಿ ಸಡಿಲವೆಂದೇ ಅರ್ಥ. ಕೊನೆಯದಾಗಿ, ಜಾಕೀಟಿನ ಮೇಲ್ತುದಿಯ ಹಿಡಿಯನ್ನು ಹಿಡಿದು ಇಡೀ ಹೊರೆಯನ್ನು ಎತ್ತಿ ಕುಲುಕಬೇಕು. ಸಿಲಿಂಡರು ಕೂದಲೆಳೆಯಷ್ಟು ಜಾರಿದರೂ ಮೊದಲಿನಿಂದ ಕಟ್ಟಬೇಕು. ಕೆಲವು ಜಾಕೀಟುಗಳಿಗೆ ಎರಡು ಪಟ್ಟಿಗಳಿರುತ್ತವೆ. ಕೆಲವಕ್ಕೆ ಕವಾಟದ ಕೊರಳಿಗೆ ಹಾಕುವ ಕುಣಿಕೆಯಿರುತ್ತದೆ. ಇದ್ದರೆ ಬಳಸಬೇಕು, ಅದಿದೆಯೆಂದು ಮೊದಲ ಪಟ್ಟಿಯ ಮೇಲಿನ ಎಚ್ಚರ ಬಿಡಬಾರದು.

ಇಷ್ಟೆಲ್ಲ ಮಾಡಿದ ಮೇಲೂ ಮುಗಿಯಿತೆನ್ನುವಂತಿಲ್ಲ. ನೀರಿಗಿಳಿಯುವ ಮುನ್ನ ಜೊತೆಗಾರರು ಒಬ್ಬರ ಸಾಮಗ್ರಿಯನ್ನು ಇನ್ನೊಬ್ಬರು ಮುಟ್ಟಿ ನೋಡುವುದು ಈ ವಿದ್ಯೆಯ ನಿಯಮ. ಮೊದಮೊದಲು ಇದು ನನಗೆ ಅಪನಂಬಿಕೆಯ ಕುರುಹಾಗಿ ಕಂಡಿತ್ತು. ನನ್ನ ಕೆಲಸವನ್ನು ಇನ್ನೊಬ್ಬರು ಪರೀಕ್ಷಿಸುವುದೆಂದರೇನು ಎಂಬ ಅಹಂಕಾರ ಒಳಗೆಲ್ಲೋ ಇತ್ತು. ನೇತ್ರಾಣಿಯ ಆ ಅರ್ಧ ನಿಮಿಷ ಅದನ್ನು ತೊಳೆದುಹಾಕಿತು. ಮನುಷ್ಯನ ಕಣ್ಣುಗಳಿರುವುದು ಮುಂದೆ. ಅವನ ಬೆನ್ನನ್ನು ನೋಡಬಲ್ಲವರು ಇತರರೇ. ಆಳಕ್ಕೆ ಇಳಿದಷ್ಟೂ ಈ ಸತ್ಯ ಹೆಚ್ಚು ನಿಜವಾಗುತ್ತದೆ.

ನಿಮ್ಮಲ್ಲಿ ಬಹುಮಂದಿ ಕಡಲಿಗೆ ಇಳಿಯಲಾರಿರಿ. ಇಳಿಯಬೇಕಾದ ಅಗತ್ಯವೂ ಇಲ್ಲ. ಆದರೆ ಮನೆಯ ಹೊಣೆಯನ್ನೋ ಊರಿನ ಹೊಣೆಯನ್ನೋ ಬೆನ್ನಿಗೆ ಕಟ್ಟಿಕೊಂಡು ನಡೆಯುವವರೇ ನಾವೆಲ್ಲರೂ. ಯಾರಾದರೂ ಹಿಂದಿನಿಂದ ಬಂದು, "ಒಂದು ಸಲ ನೋಡಲೇ?" ಎಂದು ಕೇಳಿದರೆ, ಬೇಡವೆನ್ನದೆ ಒಂದು ಗಳಿಗೆ ನಿಲ್ಲೋಣ. ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರದ ಬೆಲೆ ಏನಾಗಬಹುದಿತ್ತೆಂಬುದನ್ನು ನಾನು ಬಲ್ಲೆ.