ಕತ್ತು ನೋವಿನ ಹಿಂದೆ ಬರುವ ಲಕ್ವ
(ಗ್ರಾಮಸೇವಕರು ಪಂಚಾಯಿತಿ ಕಟ್ಟೆಯಲ್ಲಿ ಮಾಡಿದ ಭಾಷಣ)



ಬೀಜೋಪಚಾರ, ಕಾಂಪೋಸ್ಟು ಗುಂಡಿ ಎನ್ನುತ್ತಿದ್ದವನು ಇಂದು ಲಕ್ವದ ಮಾತು ತೆಗೆದಿದ್ದೇನೆ. ನನ್ನದು ವ್ಯವಸಾಯದ ಡಿಪ್ಲೊಮಾ, ನಾನು ವೈದ್ಯನಲ್ಲ. ಆದರೂ ಹೇಳದೆ ಇರಲಾರೆ. ಕಾರಣ ಕೇಳಿ.

ಕಳೆದ ಸುಗ್ಗಿಯಲ್ಲಿ ಪಕ್ಕದ ಹಳ್ಳಿಯ ರೈತನೊಬ್ಬ, 35 ವರ್ಷದ ಗಟ್ಟಿಮುಟ್ಟಾದ ಆಳು, ಮೇವಿನ ಹೊರೆ ಹೊತ್ತು ಬದು ದಾಟುವಾಗ ಜಾರಿ ಬಿದ್ದ. ಮರುದಿನ ನನ್ನನ್ನು ಕಂಡು, "ಸ್ವಾಮೀ, ಎಡಗಡೆ ಕತ್ತು, ಕಣ್ಣಿನ ಹಿಂದೆ, ಒಂದೇ ಸಮ ನೋವು" ಎಂದ. ಎಡಗಣ್ಣಿನ ರೆಪ್ಪೆ ಕೊಂಚ ಜೋತಿತ್ತು. ನಿದ್ದೆಗೆಟ್ಟಿರಬೇಕೆಂದುಕೊಂಡು, "ಉಳುಕಿರಬೇಕಪ್ಪ, ಶಾಖ ಕೊಡು" ಎಂದುಬಿಟ್ಟೆ. ನಾಲ್ಕನೆಯ ದಿನ ಬೆಳಗ್ಗೆ ಅವನ ಬಲಗೈ ಬಲಗಾಲು ಬಿದ್ದುಹೋದವು; ಮಾತು ನಿಂತಿತು. ಮನೆಯವರು ಎಣ್ಣೆ ತಿಕ್ಕಿಸಲು ಕರೆದೊಯ್ದರು. ಆಸ್ಪತ್ರೆ ಮುಟ್ಟಿದ್ದು ಸಂಜೆಗೆ.

ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳು ಕತ್ತಿನ ಎರಡೂ ಪಕ್ಕದಲ್ಲಿವೆ. ಕೆರಾಟಿಡ್ ಧಮನಿ ಎಂದು ಅವುಗಳ ಹೆಸರು. ಪಂಪಿನ ರಬ್ಬರ್ ಪೈಪಿನ ಒಳಪದರ ಹರಿದರೆ ಏನಾಗುತ್ತದೆ? ನೀರು ಪದರಗಳ ನಡುವೆ ನುಗ್ಗಿ, ಒಳಕ್ಕೆ ಉಬ್ಬಿ, ದಾರಿ ಕಿರಿದಾಗುತ್ತದೆ. ಇಲ್ಲಿಯೂ ಹಾಗೆಯೇ. ಸಾಲದ್ದಕ್ಕೆ ಹರಿದ ಕಡೆ ರಕ್ತ ಹೆಪ್ಪುಗಟ್ಟಿ, ಅದರ ಚೂರು ಮಿದುಳಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಎಡನಾಳ ಕೆಟ್ಟರೆ ಬಲಮೈ ಬೀಳುತ್ತದೆ. ಲಕ್ವ ಮುದುಕರ ರೋಗವೆಂದು ನಂಬಬೇಡಿ. 50 ವರ್ಷದೊಳಗಿನವರ ಲಕ್ವಕ್ಕೆ ಇದೊಂದು ಮುಖ್ಯ ಕಾರಣ. ಏನೂ ಏಟಿಲ್ಲದೆ ತಾನಾಗಿ ಹರಿಯುವುದೂ ಉಂಟು. ಕ್ಷೌರದ ಅಂಗಡಿಯಲ್ಲಿ ಕತ್ತು ತಿರುಚಿ ನೆಟಿಕೆ ತೆಗೆಸುವುದರಿಂದಲೂ ಕತ್ತಿನ ನಾಳ ಹರಿದದ್ದುಂಟು. ಆ ಅಭ್ಯಾಸ ನನಗೂ ಇತ್ತು, ಹಾಯೆನಿಸುತ್ತದೆ ನಿಜ. ಬಿಟ್ಟಿದ್ದೇನೆ.

ಕತ್ತಿನ ಒಂದೇ ಪಕ್ಕ ಹಿಂದೆಂದೂ ಇಲ್ಲದ ನೋವು, ಅದೇ ಕಡೆ ರೆಪ್ಪೆ ಜೋತು ಕಣ್ಣಿನ ಪಾಪೆ ಕಿರಿದಾಗುವುದು, ಕಿವಿಯಲ್ಲಿ ನಾಡಿ ಬಡಿದಂತೆ ಮೊರೆತ: ಇಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಬಾಯಿ ಸೊಟ್ಟಗಾದರೆ, ಎತ್ತಿದ ಕೈ ಇಳಿದುಬಿದ್ದರೆ, ಮಾತು ತೊದಲಿದರೆ, ಒಂದು ಕಣ್ಣು ಇದ್ದಕ್ಕಿದ್ದಂತೆ ಮಸುಕಾದರೆ ಗಳಿಗೆಯೂ ಕಾಯದೆ 108ಕ್ಕೆ ಫೋನು ಮಾಡಿ. ಹತ್ತು ನಿಮಿಷದಲ್ಲಿ ಸರಿಹೋದರೂ ಹೋಗಲೇಬೇಕು.

ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಯನ್ನೇ ಕೇಳಿ. ಮಿದುಳಿನಲ್ಲಿ ರಕ್ತ ಸೋರಿದೆಯೋ, ನಾಳ ಕಟ್ಟಿದೆಯೋ ಎಂದು ಅದರಲ್ಲಿ ನೋಡಿಯೇ ಔಷಧ. ಆದ್ದರಿಂದ ಮನೆಯಲ್ಲಿ ಆಸ್ಪಿರಿನ್ ನುಂಗಿಸಬೇಡಿ, ಸೋರಿಕೆಯಿದ್ದರೆ ವಿಷವಾದೀತು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ಗಂಟೆ. ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಕೆಲವರಿಗೆ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುತ್ತಾರೆ. ಆಮೇಲೆ ಹೆಪ್ಪುಗಟ್ಟದಂತೆ ಮೂರರಿಂದ ಆರು ತಿಂಗಳು, ಕೆಲವರಿಗೆ ಇನ್ನೂ ಹೆಚ್ಚು ಕಾಲ, ಮಾತ್ರೆ. ಬಹಳ ಮಂದಿಗೆ ಹರಿದ ನಾಳ ತಾನೇ ಕೂಡಿಕೊಳ್ಳುತ್ತದೆ.

ನಮ್ಮ ರೈತನಿಗೆ ಆ ಚುಚ್ಚುಮದ್ದಿನ ಹೊತ್ತು ಮೀರಿತ್ತು. ಮಾತ್ರೆ, ವ್ಯಾಯಾಮದಿಂದ ಈಗ ನಡೆಯುತ್ತಾನೆ, ಮಾತೂ ಬಂದಿದೆ. ಕುಡುಗೋಲು ಮಾತ್ರ ಬಲಗೈಯಲ್ಲಿ ನಿಲ್ಲುವುದಿಲ್ಲ. ನನ್ನನ್ನು ಕಂಡರೆ ನಗುತ್ತಾನೆ; ನನಗೇ ತಲೆಯೆತ್ತಲಾಗದು.

ಗಾಡಿ ಬರುವವರೆಗೆ ರೋಗಿಯನ್ನು ಮಗ್ಗುಲಾಗಿ ಮಲಗಿಸಿ. ಬಾಯಿಗೆ ನೀರು, ಕಷಾಯ ಹಾಕಬೇಡಿ, ಶ್ವಾಸಕ್ಕೆ ಹೋದೀತು. ಕತ್ತು ತಿಕ್ಕಬೇಡಿ. ಕೈ ಬಿದ್ದ ಹೊತ್ತನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಬಿದ್ದದ್ದು, ಕತ್ತು ಹೊರಳಿದ್ದು ಎಲ್ಲವನ್ನೂ ವೈದ್ಯರಿಗೆ ಹೇಳಿ. ರಾತ್ರಿಯಾದರೆ ಒಬ್ಬ ಹುಡುಗ ಬ್ಯಾಟರಿ ಹಿಡಿದು ಊರ ಮುಂದಿನ ರಸ್ತೆ ತಿರುವಿನಲ್ಲಿ ನಿಲ್ಲಲಿ.